ಅಕ್ಕೋರ ಶಾಲೆಯ ದೊಡ್ಡ ಬೋಗುಣಿ

ನಾನು ಅಲ್ಯೂಮಿನಿಯಂ ಬೋಗುಣಿ. ಹುಟ್ಟಿದ್ದು ಹುಬ್ಬಳ್ಳಿಯ ಒಂದು ಪಾತ್ರೆ ಕಾರ್ಖಾನೆಯಲ್ಲಿ. ಪೆಟ್ಟು ತಿಂದು ಹೊರಬಂದಾಗ ನನ್ನ ಹೊಟ್ಟೆ ಎಷ್ಟು ದೊಡ್ಡದಿತ್ತೆಂದರೆ, ಹೋದರೆ ಮದುವೆಮನೆಗೇ ಹೋಗುತ್ತೇನೆಂದು ಬೀಗಿದ್ದೆ. ಹೋಗಿದ್ದು ಊರಂಚಿನ ಬಡಾವಣೆಯ, ಏಳನೆಯ ತರಗತಿಯವರೆಗಿನ ಸರ್ಕಾರಿ ಶಾಲೆಗೆ. ಮೊದಮೊದಲು ಮುಖ ಗಂಟಿಕ್ಕಿಕೊಂಡೇ ಕೂತಿದ್ದೆ. ಮಧ್ಯಾಹ್ನ ತಟ್ಟೆ ಹಿಡಿದ ಮಕ್ಕಳ ಸಾಲು ಅಂಗಳ ದಾಟಿ ಗೇಟಿನವರೆಗೆ ಬೆಳೆದದ್ದು ಕಂಡಾಗ, ಇದಕ್ಕಿಂತ ದೊಡ್ಡ ಮದುವೆ ಯಾವುದಿದ್ದೀತು ಎನಿಸಿತು.

ನನ್ನ ಒಡತಿ ಬಿಸಿಯೂಟ ಬೇಯಿಸುವ ದ್ಯಾಮವ್ವ. ಬಾಯಿ ಜೋರು, ಕೈ ಧಾರಾಳ. ಅವಳಿಗೂ ನನಗೂ ಮೇಲಿನವರು ಮುಖ್ಯೋಪಾಧ್ಯಾಯಿನಿ ಶಿವಲೀಲಾ ಅಕ್ಕೋರು. ಅಕ್ಕೋರಿಗೆ ಒಂದೇ ಹುಚ್ಚು: ಐದನೆಯ ತರಗತಿಯ ಮಕ್ಕಳನ್ನು ವಸತಿ ಶಾಲೆಯ ಪ್ರವೇಶ ಪರೀಕ್ಷೆಗೆ ತಯಾರು ಮಾಡುವುದು. ಶಾಲೆ ಬಿಟ್ಟ ಮೇಲೂ ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ ಗಣಿತ ನಡೆಯುತ್ತಿತ್ತು. ಮಕ್ಕಳು ಪಾಸಾದ ಸುದ್ದಿ ಬಂದರೆ ದ್ಯಾಮವ್ವ ನನ್ನಲ್ಲಿ ಗೋಧಿ ಹುಗ್ಗಿ ಕುದಿಸುತ್ತಿದ್ದಳು. ಬಡಾವಣೆಯೆಲ್ಲ ಅಕ್ಕೋರನ್ನು ಹೊಗಳುತ್ತಿತ್ತು. ಪಾಸಾದವರು ಟ್ರಂಕು ಹೊತ್ತು ಹೊರಟುಹೋಗುತ್ತಿದ್ದರು.

ಎಡವಿದ್ದು ಅಲ್ಲೇ. ಚೆನ್ನಾಗಿ ಕಲಿತ ಶಾಣ್ಯಾರು ಹೋದರು. ಅವರ ಜಾಗಕ್ಕೆ ಬರಬೇಕಾದವರನ್ನು ಹೊಸ ಸೈಟುಗಳ ನಡುವೆ ಎದ್ದ ಇಂಗ್ಲಿಷ್ ಶಾಲೆಗಳ ಹಳದಿ ಬಸ್ಸು ಒಯ್ದಿತು. ಮಕ್ಕಳು ಕಡಿಮೆಯಾದರೆಂದು ಒಬ್ಬ ಮಾಸ್ತರನ್ನು ಬೇರೆಡೆಗೆ ಕಳಿಸಿದರು. ಅನುದಾನವೂ ಇಳಿಯಿತು, ಸೋರುವ ಕೋಣೆ ಸೋರುತ್ತಲೇ ಉಳಿಯಿತು. ಅದನ್ನು ನೋಡಿ ಇನ್ನಷ್ಟು ಮಂದಿ ಮಕ್ಕಳನ್ನು ಬಿಡಿಸಿಕೊಂಡು ಹೋದರು. ಅನ್ನ ನನ್ನ ತಳವನ್ನಷ್ಟೇ ಮುಚ್ಚುತ್ತಿತ್ತು. ಇಷ್ಟು ದೊಡ್ಡ ಹೊಟ್ಟೆ ಹೊತ್ತು ಕೂರಲು ನನಗೇ ನಾಚಿಕೆ.

ಇನ್ನೊಂದು ಮಗು ಬಿಟ್ಟರೂ ಶಾಲೆ ಮುಚ್ಚುತ್ತೇವೆಂದು ಶಿಕ್ಷಣ ಇಲಾಖೆಯವರು ಬಂದು ಹೇಳಿಹೋದರು. ಅದೇ ವರ್ಷ ದ್ಯಾಮವ್ವನ ಮೊಮ್ಮಗಳು ಐಶ್ವರ್ಯ ಪರೀಕ್ಷೆ ಪಾಸಾದಳು.

“ಈಕಿನ್ನ ಕಳಸಬ್ಯಾಡ್ರೀ ಅಕ್ಕೋರ,” ಎಂದಳು ದ್ಯಾಮವ್ವ. “ನನ್ನ ಕೆಲ್ಸ ಹೋದ್ರ ಹೋಗ್ಲಿ. ಸಾಲಿ ಮುಚ್ಚಿದ್ರ ಇಕಿ ತಂಗಿ ಚೆನ್ನಿ ಎಲ್ಲಿ ಕಲೀಬೇಕು? ಆ ಬೈಪಾಸ್ ದಾಟಿ ಹೋಗೋ ಕೂಸೇನ್ರೀ ಅದು?”

ಅಕ್ಕೋರು ನನ್ನ ಅಂಚು ಹಿಡಿದುಕೊಂಡರು.

“ಕಲ್ತ ಹುಡುಗಿನ್ನ ನಾ ಹೆಂಗ ಕಟ್ಟಿ ಹಾಕ್ಲಿ ದ್ಯಾಮವ್ವ? ಆದ್ರ ಚೆನ್ನಿ ಮುಖಾ ನೋಡಾಕೂ ಆಗವಲ್ದು ನನಗ.”

ಐಶ್ವರ್ಯ ಹೋದಳು. ಅಂದು ಹುಗ್ಗಿ ಮಾಡಲಿಲ್ಲ. ಜೂನಿನಲ್ಲಿ ಶಾಲೆ ಮುಚ್ಚಿತು, ಉಳಿದ ಮಕ್ಕಳ ಹೆಸರುಗಳು ಬೈಪಾಸಿನಾಚೆಯ ಶಾಲೆಗೆ ಸೇರಿದವು. ಚೆನ್ನಿಯಂಥ ಸಣ್ಣವರು ಹೋಗಲೇ ಇಲ್ಲ. ದೊಡ್ಡವರೆಲ್ಲ ಕೂಲಿಗೆ ಹೋದರೆ ಲಾರಿಗಳು ನುಗ್ಗುವ ಆ ರಸ್ತೆ ದಾಟಿಸುವವರು ಯಾರಿದ್ದಾರೆ? ಅಕ್ಕೋರಿಗೆ ವರ್ಗವಾಯಿತು. ದ್ಯಾಮವ್ವ ನನ್ನನ್ನು ತಿಕ್ಕಿ ತೊಳೆದಳು. ಬೋರಲು ಹಾಕಲು ಮನಸ್ಸು ಬಾರದೆ ಹಾಗೇ ಮೂಲೆಗಿಟ್ಟು ಬೀಗ ಹಾಕಿಕೊಂಡು ಹೋದಳು.

ಈಗ ನನಗೆ ಮುಪ್ಪು ಬಂದಿದೆ. ಒಳ್ಳೆಯ ಕೆಲಸಕ್ಕೆ ಒಳ್ಳೆಯದೇ ಆಗುತ್ತದೆಂದು ನಂಬಿದ್ದೆ, ಈಗ ನಂಬುವುದಿಲ್ಲ. ಅಕ್ಕೋರು ಕಲಿಸಿದ್ದು ತಪ್ಪಲ್ಲ, ಐಶ್ವರ್ಯ ಹೋದದ್ದೂ ತಪ್ಪಲ್ಲ. ಪೆಟ್ಟು ಮಾತ್ರ ಚೆನ್ನಿಗೆ ಬಿತ್ತು.

ಕೆಲವು ಮಧ್ಯಾಹ್ನ ಚೆನ್ನಿ ಒಬ್ಬಳೇ ಬರುತ್ತಾಳೆ. ಬೀಗ ಜಗ್ಗಿ ನೋಡುತ್ತಾಳೆ. ಆಮೇಲೆ ಬಾಗಿಲ ಸಂದಿಗೆ ಬಾಯಿ ಹಚ್ಚುತ್ತಾಳೆ.

“ಅಕ್ಕೋರ, ನಾ ಶಾಣ್ಯಾಕಿ ಆಗಂಗಿಲ್ರೀ. ಎಲ್ಲೂ ಹೋಗಂಗಿಲ್ಲ, ಇಲ್ಲೇ ಇರ್ತೀನಿ. ಬಾಗ್ಲಾ ತಗೀರಿ.”