ಹಾಡಿನ ಜೋಡಿ

ಪ್ರಾಜಕ್ತಾ ಮದುವೆಯಾಗಿ ಬೋರಗಾಂವಕ್ಕೆ ಬಂದಾಗ ಅವಳ ಗಂಡ ಈಶ್ವರನ ಹಾಡು ಅಥಣಿಯಿಂದ ನಿಪ್ಪಾಣಿವರೆಗೆ ಎಲ್ಲ ಮದುವೆ ಮೆರವಣಿಗೆಗಳಲ್ಲೂ ಮೊಳಗುತ್ತಿತ್ತು. ದನಿ, ಧಾಟಿ ಈಶ್ವರನದು. ಪದ ಕಟ್ಟುವವನು ಮಗ್ಗದ ಕೆಲಸದ ವಿಶ್ವಾಸ. ಮೊಬೈಲಿನ ವಿಡಿಯೊಗಳಲ್ಲಿ ನೋಡಿದರೆ ಇಬ್ಬರೂ ಹೆಗಲ ಮೇಲೆ ಕೈ ಹಾಕಿಕೊಂಡು ನಗುತ್ತಿದ್ದರು. ಮನೆಯಲ್ಲಿ ಹಾಗಿರಲಿಲ್ಲ. ವಿಶ್ವಾಸ ಪಡಸಾಲೆಯಲ್ಲಿ ಕೂತು ಪದ ಹೇಳುವನು, ಈಶ್ವರ ಗುನುಗಿ ಧಾಟಿ ಕೂಡಿಸುವನು. ಹಾಡು ಮುಗಿದದ್ದೇ ತಡ, ಇಬ್ಬರ ಮಾತೂ ಮುಗಿಯುತ್ತಿತ್ತು. ಒಬ್ಬರ ಮುಖ ಒಬ್ಬರಿಗಾಗದ ಇವರು ಕೂಡಿರುವುದಾದರೂ ಯಾಕೆ ಎಂಬುದು ಅವಳಿಗೆ ಬಗೆಹರಿಯಲಿಲ್ಲ.

ಕೊಲ್ಹಾಪುರದ ನಾಟಕ ಮಂಡಳಿಯೊಂದು ವಿಶ್ವಾಸನನ್ನು ಕರೆದಾಗ, ಇವನಿನ್ನು ನಿಲ್ಲುವುದಿಲ್ಲ ಅಂದುಕೊಂಡಳು. ಅವನು ಒಲ್ಲೆ ಅಂದ. ಈಶ್ವರ ನಿರಾಳವಾಗಿ ಉಸಿರು ಬಿಟ್ಟದ್ದು ಅವಳ ಕಣ್ಣಿಗೆ ಬಿತ್ತು. ಕೇಳಿದರೆ, ಹಳೇ ಗೆಳೆತನ ಎಂದು ಮುಖ ತಿರುವಿದ.

ಆ ಗೆಳೆತನದಲ್ಲಿ ಮೊದಲು ಮೂವರಿದ್ದರು. ಹಲಗಿ ಬಾರಿಸುತ್ತಿದ್ದ ಸುಹಾಸ, ಅವಳ ಮದುವೆಗೆ ಮೊದಲೇ, ಕೊಗನೊಳ್ಳಿ ಹತ್ತಿರ ಕಾರು ಮರಕ್ಕೆ ಬಡಿದು ಸತ್ತಿದ್ದ. ಅದೇ ಕಾರಿನಲ್ಲಿದ್ದ ಇವರಿಬ್ಬರು ಬದುಕಿ ಉಳಿದಿದ್ದರು. ಕುಡಿದು ಗಾಡಿ ಹೊಡೆದು ಜೀವ ಕಳಕೊಂಡ ಎಂದು ಊರು ಹೇಳುತ್ತಿತ್ತು. ಅವನ ತಾಯಿ ತುಳಸವ್ವನ ಮನೆಯತ್ತ ಈಶ್ವರ ಸುಳಿಯುತ್ತಿರಲಿಲ್ಲ. ಹೋಳಿಗೆ ಮಾಡಿದ ದಿನ ಪ್ರಾಜಕ್ತಾ ತಾನೇ ಡಬ್ಬಿ ಹಿಡಿದು ಹೋದಳು. ಮುದುಕಿ ಹೋಳಿಗೆ ಮುರಿಯುತ್ತ, ಸಿಟ್ಟಿಲ್ಲದ ದನಿಯಲ್ಲಿ ಹೇಳಿದಳು:

"ನನ್ನ ಮಗಗ ಸೈಕಲ್ ಬಿಟ್ರ ಏನೂ ಹೊಡಿಯಾಕ ಬರತಿರಲಿಲ್ಲ ಯವ್ವಾ. ಪೊಲೀಸರಿಗೂ ಹೇಳಿದ್ನಿ. ಮುದುಕಿ ಮಾತು ಯಾರ ಕೇಳ್ತಾರ?"

ಪ್ರಾಜಕ್ತಾ ಅಲ್ಲಿಂದ ನೆಟ್ಟಗೆ ಈಶ್ವರನಿದ್ದ ಕಬ್ಬಿನ ಹೊಲಕ್ಕೆ ನಡೆದಳು.

"ಅವತ್ತ ಗಾಡಿ ಯಾರ ಹೊಡಿಯಾಕತ್ತಿದ್ರಿ? ಖರೆ ಹೇಳ್ರಿ."

ಈಶ್ವರ ಕೈಯಲ್ಲಿದ್ದ ರವದಿಯ ಒಣ ಗರಿ ಹರಿದು ಕೆಳಗೆ ಹಾಕಿದ. ಆಮೇಲೆ ಎಲ್ಲ ಹೇಳಿದ. ಕುಡಿದವನೂ ತಾನೇ, ಗಾಡಿ ಹೊಡೆದವನೂ ತಾನೇ. ಸುಹಾಸನನ್ನು ಎತ್ತಿ ಸ್ಟೇರಿಂಗ್ ಮುಂದೆ ಕೂರಿಸುವಾಗ ಕಾಲು ಹಿಡಿದವನು ವಿಶ್ವಾಸ. ಅಂದಿನಿಂದ ಒಬ್ಬ ದೂರ ಸರಿದರೆ ಇನ್ನೊಬ್ಬನಿಗೆ ಅವನೆಲ್ಲಿ ಬಾಯಿ ಬಿಟ್ಟಾನೋ ಎಂಬ ಭಯ. ಜೋಡಿ ಉಳಿದದ್ದು ಹಾಗೆ.

"ಎತ್ತುಮುಂದ ಅವಗ ಜೀವ ಇತ್ತೇನ್ರಿ?"

"ನಾವು ನೋಡ್ಲಿಲ್ಲ," ಎಂದ ಈಶ್ವರ.

ತುಳಸವ್ವನಿಗೆ ಹೇಳುವ ತನಕ ತಾನು ಈ ಮನೆಯಲ್ಲಿ ಊಟ ಮಾಡುವುದಿಲ್ಲ ಎಂದು ಪ್ರಾಜಕ್ತಾ ಹಟ ಹಿಡಿದಳು. ಮರುದಿನ ಈಶ್ವರ, ವಿಶ್ವಾಸ ಇಬ್ಬರೂ ಮುದುಕಿಯ ಅಂಗಳದಲ್ಲಿ ನಿಂತರು. ಪದ ಕಟ್ಟುವವನು ವಿಶ್ವಾಸನಾದರೂ ಈಶ್ವರನೇ ಹೇಳಿದ. ತುಳಸವ್ವ ಗೋಡೆಗೆ ಆತು ಕೂತು ಕೇಳಿದಳು. ಸೆರಗು ಹೊದ್ದು ಎದ್ದಳು.

"ನಡೀರಿ. ಇದನ್ನ ಠಾಣ್ಯಾಗ ಹೇಳ್ರಿ. ನಾನೂ ಬರ್ತೀನಿ."

ಈಗ ಕೋರ್ಟಿನಲ್ಲಿ ಖಟ್ಲೆ ನಡೆದಿದೆ. ಇಬ್ಬರೂ ಜಾಮೀನಿನ ಮೇಲೆ ಹೊರಬಂದ ನಂತರ ಹಾಡು ನಿಂತಿತು. ಕೂಡಲು ಕಾರಣವೂ ಉಳಿಯಲಿಲ್ಲ. ಆದರೂ ಒಂದು ಮಧ್ಯಾಹ್ನ ವಿಶ್ವಾಸ ತಾನಾಗಿ ಬಂದು ಪಡಸಾಲೆಯಲ್ಲಿ ಕೂತ. ಹಲಗಿ ಕಾಯಿಸಲು ಬೆಂಕಿ ಹಚ್ಚಿ ಸುಹಾಸ ಗಡ್ಡ ಸುಟ್ಟುಕೊಂಡದ್ದನ್ನು ಇಬ್ಬರೂ ನೆನೆದರು. ಪ್ರಾಜಕ್ತಾ ಬಾಗಿಲಲ್ಲಿ ನಿಂತು ಕೇಳಿದಳು. ಸುಹಾಸನಿಗೆ ಗಡ್ಡವಿತ್ತೆಂಬುದು ಅವಳಿಗೆ ಗೊತ್ತೇ ಇರಲಿಲ್ಲ.