ಮೂರನೇ ಗಂಟೆಯ ಅಂಟು

ಕೈ ಕೆಸರಾದದ್ದು ಅವಳದು, ಬಾಯಿ ಮೊಸರಾದದ್ದು ಭಾವನದು. ಅಕ್ಕನ ಗಂಡನೇ ಕಾರ್ಖಾನೆಯ ಮೇಲ್ವಿಚಾರಕನಾದರೆ ಇನ್ನೇನಾದೀತು? ಅವಳು ಮಾಡಿದ್ದು ಸಾಸಿವೆಗಿಂತ ಸಣ್ಣ ರಾಳದ ಮಣಿ, ಮಣಿಯ ತುಂಬ ಕಣ್ಣಿಗೆ ಕಾಣದ ತೂತು. ಬೆರಕೆ ದ್ರಾವಣದಿಂದ ಬೇಕಾದ್ದನ್ನಷ್ಟೇ ಹಿಡಿದುಕೊಳ್ಳುವಂಥದ್ದು. ಅದನ್ನು ಸರಿಯಾಗಿ ಮಾಡಲು ಅವಳಿಗೆ ಆರು ವರ್ಷ ಹಿಡಿದಿತ್ತು. "ನೋಡಿ ಕೊಡ್ತೀನಿ" ಎಂದು ಅವಳ ನೋಟುಪುಸ್ತಕ ಒಯ್ದ ಭಾವ, ವಿಧಾನ ತನ್ನದೆಂದು ಮಾಲೀಕರಿಗೆ ಒಪ್ಪಿಸಿದ. ಅವಳನ್ನು ಮಣಿ ತೊಳೆಯುವ ಜರಡಿಯ ಹತ್ತಿರ ನಿಲ್ಲಿಸಿದ. "ಮನೆ ಮಾತು ಮನೇಲೇ ಇರ್ಲಿ ಕಣೇ" ಎಂದಳು ಅಕ್ಕ. ಅಕ್ಕನ ಮೇಲೂ ಅವಳಿಗೆ ಸಿಟ್ಟಿತ್ತು.

ಇವತ್ತು ಮೊದಲ ದೊಡ್ಡ ಬ್ಯಾಚು. ಭಾವ ಹೊಸ ಅಂಗಿ ತೊಟ್ಟು ಮಾಲೀಕರ ಪಕ್ಕ ನಿಂತಿದ್ದ. ಉಕ್ಕಿನ ಹಂಡೆಯೊಳಗೆ ಕಲಕುವ ರೆಕ್ಕೆ ತಿರುಗುತ್ತ, ಎಣ್ಣೆಯಂಥ ದ್ರವವನ್ನು ಬಿಸಿನೀರಿನಲ್ಲಿ ಹನಿಹನಿಯಾಗಿ ಒಡೆಯುತ್ತಿತ್ತು. ಆ ಹನಿಗಳೇ ಗಟ್ಟಿಯಾಗಿ ಮಣಿಯಾಗಬೇಕು. ಮೂರನೇ ಗಂಟೆಗೆ ಅವು ಹನಿಯೂ ಅಲ್ಲ, ಮಣಿಯೂ ಅಲ್ಲ, ಬರೀ ಅಂಟು. ಆಗ ಕಲಕುವುದು ಅರೆಗಳಿಗೆ ನಿಂತರೂ ಒಂದಕ್ಕೊಂದು ಮೆತ್ತಿಕೊಂಡು ಮುದ್ದೆಯಾಗುತ್ತವೆ. ಇದೊಂದನ್ನು ಅವಳು ಪುಸ್ತಕದಲ್ಲಿ ಬರೆದಿರಲಿಲ್ಲ. ಮೋಟಾರಿನ ದನಿ ಭಾರವಾದದ್ದು ಕಿವಿಗೇ ಗೊತ್ತಾಗುವಾಗ ಬರೆಯುವುದೇನು?

ಈಗ ದನಿ ಭಾರವಾಯಿತು.

"ಒಂದಿಷ್ಟು ತೆಗೆದು ತೋರಿಸ್ತೀನಿ ಸಾರ್" ಎಂದು ಭಾವ ಸ್ವಿಚ್ಚಿನತ್ತ ಕೈ ಚಾಚಿದ.

ಹತ್ತು ಹೆಜ್ಜೆ ದೂರ. 'ಬೇಡ' ಅಂದಿದ್ದರೆ ಸಾಕಿತ್ತು. ಅವಳು ತುಟಿ ಪಿಟಕ್ಕೆನ್ನಲಿಲ್ಲ. ಕೈಯಲ್ಲಿದ್ದ ಜರಡಿಯನ್ನೂ ಅಲುಗಿಸಲಿಲ್ಲ, ಸರಿಯಾಗಿ ಕೇಳಿಸಲಿ ಎಂದು. ಮೋಟಾರು ನಿಂತಿತು. ಭಾವ ಉದ್ದ ಹಿಡಿಯ ಸೌಟು ಇಳಿಸಿ, ಮಾಲೀಕರ ಜೊತೆ ನಗುತ್ತ ಮಾತಾಡಿ, ಮತ್ತೆ ಸ್ವಿಚ್ಚು ಒತ್ತಿದ. ಮೋಟಾರು ಗೊರಗೊರ ಎಂದು ಸುಮ್ಮನಾಯಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ತನ್ನದೇ ಆರು ವರ್ಷ ಅಲ್ಲಿ ಮುದ್ದೆಯಾಗುತ್ತಿದ್ದರೂ ಅವಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

"ಏನ್ರೀ ಇದು? ಯಾಕ್ ಹೀಗಾಯ್ತು?" ಮಾಲೀಕರು ಹಂಡೆಯೊಳಗೆ ಬಗ್ಗಿ ನೋಡಿ ಕೇಳಿದರು.

 ಭಾವನ ಕಣ್ಣು ಅವಳನ್ನು ಹುಡುಕಿತು. "ನಿಂಗೊತ್ತಿತ್ತಲ್ವಾ? ಒಂದ್ಮಾತು ಹೇಳ್ಬಾರ್ದಿತ್ತಾ?"

ಮಾಲೀಕರು ನಿಧಾನವಾಗಿ ಭಾವನ ಕಡೆ ತಿರುಗಿದರು. "ಮಣಿ ತೊಳೆಯೋರಿಗೆ ಹೇಗ್ರೀ ಗೊತ್ತಿರುತ್ತೆ?"

ಭಾವ ಜರಡಿಯ ಹತ್ತಿರ ಓಡಿಬಂದ. "ನಿಮ್ಮಕ್ಕನ ಮುಖ ನೋಡಾದ್ರೂ ಏನಾದ್ರೂ ಹೇಳೇ" ಎಂದು ಅವಳಿಗಷ್ಟೇ ಕೇಳಿಸುವಂತೆ ಪಿಸುಗುಟ್ಟಿದ.

ಅವಳು ಕೈ ಒರೆಸಿಕೊಂಡು ಹಂಡೆಯ ಹತ್ತಿರ ಬಂದಳು.

"ಅವರು ಕೇಳ್ತಿರೋದು ನಿಮ್ಮನ್ನ ಭಾವ. ಹೇಳಿ, ನಾನೂ ಕೇಳಿಸ್ಕೋತೀನಿ."