ನಾಲ್ಕು ಚಕ್ರ, ಮೂರು ಅಂತಸ್ತು

ಒಂದಾನೊಂದು ಊರಿನಲ್ಲಿ ನಾಲ್ವರು ಅಣ್ಣತಮ್ಮಂದಿರಿದ್ದರಂತೆ, ಮೈ ಕಪ್ಪು, ಹೊಟ್ಟೆ ದುಂಡು, ಗಾಳಿ ಬಿಟ್ಟರೆ ಬೇರೇನೂ ಉಣ್ಣುತ್ತಿರಲಿಲ್ಲವಂತೆ, ಹೂಂ ಅನ್ನು, ಹೂಂ ಅನ್ನದಿದ್ದರೆ ಕಥೆ ಮುಂದಕ್ಕೆ ಹೋಗಲ್ಲ — ಅಜ್ಜಿ ಇದ್ದಿದ್ದರೆ ಇದನ್ನೂ ಹೀಗೇ ಶುರು ಮಾಡುತ್ತಿದ್ದಳು, ಕಾರಿನ ಟೈರಿನಲ್ಲೂ ರಾಜಕುಮಾರನನ್ನು ಕಾಣುವ ಕಣ್ಣು ಅವಳದು, ನನಗೆ ಈಗ ಕಾಣುತ್ತಿರುವುದು ಮುಚ್ಚಿದ ಷಟರ್ ಒಂದೇ, ಅದರ ಕೆಳಗಿನ ಸಂದಿಯಿಂದ ಬೆಕ್ಕೊಂದು ತಲೆ ಹೊರಹಾಕಿ ನನ್ನನ್ನು ನೋಡಿ ಮತ್ತೆ ಒಳಗೆ ಹೋಯಿತು, ಅದಕ್ಕೂ ನನ್ನ ಸಹವಾಸ ಬೇಡ. ಎಂಟಕ್ಕೆ ತೆಗೀತೀನಿ ಅಂದಿದ್ದ ಗಾಳಿಮಾಮ — ಈ ಟೈರ್ ಅಂಗಡಿಯವನಿಗೆ ಚಿಕ್ಕಂದಿನಲ್ಲಿ ನಾನಿಟ್ಟ ಹೆಸರು, ಈಗ ಅವನ ಹೆಂಡತಿಯೂ ಹಾಗೇ ಕರೆಯುತ್ತಾಳೆ — ಈಗ ಎಂಟೂ ಇಪ್ಪತ್ತು, ಹತ್ತು ಗಂಟೆಗೆ ಶಾಲೆಯಲ್ಲಿ ಕೇಕ್ ಇರಬೇಕು, ಹೆಡ್‌ಮೇಡಂ ನಿವೃತ್ತಿಯ ಕೇಕ್, ಮೂರು ಅಂತಸ್ತು, ಹದಿನೆಂಟು ಕಿಲೋ, ಮೇಲೆ ನಾನು ನಾಲ್ಕು ದಿನ ಕೂತು ಸಕ್ಕರೆ ಪಾಕ ಎಳೆದು ಮಾಡಿದ ಮರ, ಚಿಕ್ಕಮ್ಮನ ಬೇಕರಿಯ ತಂಪು ಕೋಣೆಯಲ್ಲಿ ಅದು ಕಾಯುತ್ತಿದೆ, ನಾನಿಲ್ಲಿ ಕಾರಿನ ಬಾನೆಟ್ ಮೇಲೆ ಕೂತು ಕಾಯುತ್ತಿದ್ದೇನೆ, ಚಿಕ್ಕಮ್ಮ ಬೇಕರಿ ಬಾಗಿಲಲ್ಲಿ ನಿಂತು ಕಾಯುತ್ತಿದ್ದಾಳೆ, ಇಲ್ಲಿಂದಲೇ ಕಾಣುತ್ತಾಳೆ, ಸೊಂಟದ ಮೇಲೆ ಕೈ. ಬೆಳಿಗ್ಗೆ ಅವಳು ಕೂಗಲೂ ಇಲ್ಲ, ಅದೇ ಭಯ, ನೋಡು ಹುಡುಗಿ, ಎರಡು ಸಲ ಆಯ್ತು, ಇದೂ ಹಾಳಾದ್ರೆ ನಾಳೆಯಿಂದ ಬ್ರೆಡ್ಡು, ಬನ್ನು, ಬಿಸ್ಕತ್ತು, ಅಷ್ಟೇ, ಅಂತಸ್ತು ಗಿಂತಸ್ತು ಎಲ್ಲ ಮುಗೀತು. ಅಂದರೆ ಕಿಟಕಿಯ ಪಕ್ಕದ ನನ್ನ ಮೇಜು ಮುಗೀತು, ಚಿಮುಟ, ಕುಂಚ, ಸಕ್ಕರೆ ಕರಗಿಸುವ ಪುಟ್ಟ ಪಾತ್ರೆ, ಎಲ್ಲ ಅಟ್ಟಕ್ಕೆ, ನಾನು ಮುಂದಿನ ಕೌಂಟರಿಗೆ, ಬನ್ನು ಎಷ್ಟು ಕೊಡಲಿ ಅಣ್ಣಾ. ಒಡೀದೆ ಮುಟ್ಟಿಸ್ತೀನಿ ಚಿಕ್ಕಮ್ಮ, ಮಾತು ಕೊಡ್ತೀನಿ. ನಿನ್ನ ಮಾತು ಬೇಡ ಕಣೇ, ಮೇಜಿನ ಮೇಲಿಟ್ಟು ಆಮೇಲೆ ಫೋನ್ ಮಾಡು, ಅಲ್ಲಿ ತನಕ ನಾನು ನೀರೂ ಕುಡಿಯಲ್ಲ.

ಎರಡು ಸಲ ಅನ್ನುತ್ತಾಳೆ, ಎರಡೂ ನನ್ನ ಲೆಕ್ಕಕ್ಕೇ, ಕನಸಿನ ಬುಟ್ಟಿ ಇವಳು, ಮೋಡ ನೋಡ್ಕೊಂಡು ಗುಂಡಿಗೆ ಇಳಿಸಿರ್ತಾಳೆ, ಚಿಕ್ಕಪ್ಪ ಅಂದದ್ದು, ಮೊದಲನೇ ಕೇಕಿನ ದಿನ, ನಡು ಅಂತಸ್ತು ಹಲ್ಲಿಯ ಬಾಯಿಯ ಹಾಗೆ ಸೀಳಿಕೊಂಡಿತ್ತು. ಮೋಡ ನೋಡಿರಲಿಲ್ಲ ನಾನು, ಹಾಗೆ ನೋಡಿದರೆ ನೋಡಿದ್ದೆ, ಆದರೆ ನಿಲ್ಲಿಸಿದ್ದಾಗ. ಗುಂಡಿಯೂ ಇರಲಿಲ್ಲ, ಬರೀ ಜಲ್ಲಿ ಹರಡಿದ ರಸ್ತೆ, ಒಂದೊಂದು ಕಲ್ಲೂ ಚಕ್ರದಿಂದ ಸೀಟಿಗೆ, ಸೀಟಿನಿಂದ ನನ್ನ ಹಲ್ಲಿಗೆ ಬಂದು ಹೆಸರು ಹೇಳಿ ಹೋಗುತ್ತಿತ್ತು, ಟೈರು ಕಲ್ಲಾಗಿದೆ ಚಿಕ್ಕಪ್ಪಾ, ಗಾಳಿ ಜಾಸ್ತಿಯಾಯ್ತು ಅಂದರೆ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಅಂದು ನಕ್ಕ. ಅವನು ನಲವತ್ತೆರಡು ಪೌಂಡ್ ಗಾಳಿ ತುಂಬಿಸುತ್ತಾನೆ, ಯಾವ ಗಾಡಿಯಾದರೂ ನಲವತ್ತೆರಡು, ಹಿಂದೆ ಹತ್ತು ವರ್ಷ ಸಾಮಾನು ಸಾಗಿಸುವ ವ್ಯಾನ್ ಓಡಿಸಿದವನು, ಅದರ ಸಂಖ್ಯೆ ಅದು, ವ್ಯಾನ್ ಗುಜರಿಗೆ ಹೋಯಿತು, ಸಂಖ್ಯೆ ಮಾತ್ರ ಇವನ ತಲೆಯಲ್ಲಿ ಉಳಿಯಿತು, ಗಟ್ಟಿ ಇದ್ರೆ ಬಾಳಿಕೆ ಮಗಳೇ, ಅನ್ನುತ್ತಾ ಟೈರಿಗೊಂದು ಒದೆ ಕೊಡುತ್ತಾನೆ, ಕಾಲು ನೋವಾದರೆ ಗಾಳಿ ಸರಿಯಿದೆ ಅಂತ ಅರ್ಥ. ಸರಿ, ಎರಡನೇ ಕೇಕಿನ ದಿನ ನಾನೇ ಜಾಣೆಯಾದೆ. ಬೆಂಕಿಕಡ್ಡಿಯಲ್ಲಿ ವಾಲ್ವಿನ ಮೂಗು ಒತ್ತಿ ಹಿಡಿದೆ, ನಾಲ್ಕಕ್ಕೂ, ಹಾವು ನಿಟ್ಟುಸಿರು ಬಿಟ್ಟ ಹಾಗೆ ಸದ್ದು, ಎಷ್ಟು ಹೊತ್ತು ಒತ್ತಿದೆನೋ, ಅಜ್ಜಿಯ ಕಥೆಯಲ್ಲೊಂದು ಹಾವಿತ್ತಲ್ಲ, ಉಸಿರು ಬಿಟ್ಟರೆ ಊರಿಗೆ ಊರೇ ನಿದ್ದೆ ಹೋಗುತ್ತಿತ್ತು, ಅದು ನೆನಪಿಗೆ ಬಂದು — ಇಲ್ಲ, ಅದನ್ನು ಯಾರಿಗೂ ಹೇಳಿಲ್ಲ, ಹೇಳುವುದೂ ಇಲ್ಲ. ಕಾರು ಹಾಸಿಗೆಯಂತಾಯಿತು, ಜಲ್ಲಿಯೇ ಗೊತ್ತಾಗಲಿಲ್ಲ, ಹಾಡಿಕೊಂಡು ಹೋದೆ, ವೃತ್ತದ ತನಕ. ವೃತ್ತದಲ್ಲಿ ಸ್ಟೀರಿಂಗ್ ತಿರುಗಿಸಿದರೆ ಕಾರು ಒಂದು ಗಳಿಗೆ ಯೋಚಿಸಿತು, ಹೋಗಲೋ ಬೇಡವೋ, ಆಮೇಲೆ ಒಮ್ಮೆಲೇ ಮೈ ಚೆಲ್ಲಿತು, ಹಿಂದುಗಡೆ ಏನೋ ಜಾರಿದ ಸದ್ದು, ಮೆತ್ತಗೆ, ಯಾರೋ ಕಂಬಳಿ ಎಳೆದುಕೊಂಡ ಹಾಗೆ, ಮೇಲಿನ ಅಂತಸ್ತು ನಾಲ್ಕು ಬೆರಳು ಸರಿದಿತ್ತು, ನನ್ನ ಎರಡು ಸಕ್ಕರೆ ಹಂಸಗಳು ಕೆನೆಯಲ್ಲಿ ಮೂಗು ಮುಳುಗಿಸಿದ್ದವು. ಚಿಕ್ಕಪ್ಪ ಜೋತುಬಿದ್ದ ಟೈರು ನೋಡಿ ಎಗರಾಡಿದ, ಇಪ್ಪತ್ತಕ್ಕೆ ಇಳಿಸಿದ್ದೀಯಲ್ಲೇ, ಅಂಚೆಲ್ಲ ಉಜ್ಜಿಹೋಗುತ್ತೆ, ಬಿಸಿಯಾಗಿ ಸಿಡಿದ್ರೆ ಕೇಕೂ ಇಲ್ಲ, ನೀನೂ ಇಲ್ಲ, ಪೆಟ್ರೋಲಂತೂ ಕುಡಿದೇ ಕುಡಿಯುತ್ತೆ. ಅದು ನಿಜ, ಅವನು ಸರಿ ಹೇಳಿದ್ದ, ಮೈಯೆಲ್ಲ ಉರಿಯುವುದು ಅದಕ್ಕೇ, ತಪ್ಪು ಹೇಳುವವನು ತಪ್ಪನ್ನೇ ಹೇಳುತ್ತಿರಬೇಕು, ನಡುವೆ ಒಮ್ಮೆ ಸರಿ ಹೇಳಿಬಿಟ್ಟರೆ ಜಗಳ ಆಡುವುದು ಹೇಗೆ. ನಿನ್ನೆ ಸಂಜೆ ಮತ್ತೆ ನಲವತ್ತೆರಡು ತುಂಬಿಸಿಕೊಂಡು ಬಂದ, ಯಾರನ್ನೂ ಕೇಳದೆ, ಒಂದು ಒದೆ ಕೊಟ್ಟು ಒಳಗೆ ಹೋದ. ಅಜ್ಜಿಯ ಕಥೆಗಳಲ್ಲಿ ಮೂರನೆಯವಳು ಯಾವಾಗಲೂ ಗೆಲ್ಲುತ್ತಾಳೆ, ಮೊದಲ ಇಬ್ಬರು ದಡ್ಡಿಯರು. ಇಲ್ಲಿ ಮೂವರೂ ನಾನೇ, ಇದನ್ನು ಅಜ್ಜಿ ಹೇಳಿಕೊಟ್ಟಿರಲಿಲ್ಲ.

ಬಂದ ಗಾಳಿಮಾಮ, ಚಾವಿ ಗೊಂಚಲು ಅಲ್ಲಾಡಿಸಿಕೊಂಡು, ಓಡಿ ಬರುವವನ ಹಾಗೆ ಭುಜ ಮಾತ್ರ ಕುಣಿಸುತ್ತಾ, ಕಾಲು ತನ್ನ ಪಾಡಿಗೆ ನಿಧಾನ. ಏನಮ್ಮ ಬೆಳಿಗ್ಗೆ ಬೆಳಿಗ್ಗೆ ಮುಖ ಇಷ್ಟು ಊದಿದೆ, ಅದಕ್ಕೆ ನಾನು ಗಾಳಿ ತುಂಬಿಲ್ಲಪ್ಪ. ಎಂಟಕ್ಕೆ ಅಂದಿದ್ದೆ ಮಾಮ. ಎಂಟಕ್ಕೇ ಎದ್ದೆ ಕಣಮ್ಮ. ಕಾರಿನ ಬಾಗಿಲು ತೆರೆದು ತೋರಿಸಿದೆ, ಬೆಳಿಗ್ಗೆ ಆರಕ್ಕೆ ನಾನು ಉಗುರಿನಲ್ಲಿ ಕೆರೆದು ಕೆರೆದು ಹೊರತೆಗೆದ ನಿಧಿ, ಡ್ರೈವರ್ ಬಾಗಿಲ ಒಳಗಂಬದಲ್ಲಿ ಕಾರು ಮಾಡಿದವರೇ ಅಂಟಿಸಿದ ಚೀಟಿ, ಯಾವ ಟೈರಿಗೆ ಎಷ್ಟು ಗಾಳಿ ಅಂತ ಸ್ಪಷ್ಟವಾಗಿ ಬರೆದದ್ದು, ಅದರ ಮೇಲೆ ಸರಿಯಾಗಿ ಮುಚ್ಚುವಂತೆ ಚಿಕ್ಕಪ್ಪ ಬೇಕರಿಯ ಹೆಸರಿನ ಚೀಟಿ ಅಂಟಿಸಿದ್ದ, ತಾಜಾ, ರುಚಿ, ಶುಚಿ, ಫೋನ್ ನಂಬರ್ ಸಮೇತ, ಬಾಗಿಲು ಮುಚ್ಚಿದರೆ ಯಾರಿಗೂ ಕಾಣದ ಜಾಗದಲ್ಲಿ ಜಾಹೀರಾತು, ದೇವರೇ. ನಾಲ್ಕಕ್ಕೂ ಮೂವತ್ತು, ಕಾರು ತುಂಬ ಜನರಿದ್ದರೆ ಹಿಂದಿನ ಎರಡಕ್ಕೆ ಮೂವತ್ತಾರು, ಟೈರು ತಣ್ಣಗಿರುವಾಗ ನೋಡಬೇಕು. ದೂರದಿಂದ ಓಡಿಸ್ಕೊಂಡು ಬಂದ್ಯಾ, ಟೈರು ಬಿಸಿಯಿದ್ರೆ ಅಳತೆ ಸುಳ್ಳು ಹೇಳುತ್ತೆ. ಬೇಕರಿಯಿಂದ ಇಲ್ಲಿಗೆ ನೂರು ಹೆಜ್ಜೆ ಮಾಮ, ಮುಟ್ಟಿ ನೋಡು, ನೀರಿನ ಹೂಜಿ ಹಾಗಿದೆ. ಅಷ್ಟರಲ್ಲಿ ಚಿಕ್ಕಪ್ಪನೂ ಬಂದ, ಬರದೆ ಇರುತ್ತಾನೆಯೇ, ಅವನ ಸಂಖ್ಯೆಯ ಮಾನ ಹೋಗುತ್ತಿದೆ, ಏನಪ್ಪಾ, ನನ್ನ ಗಾಳಿ ಕದೀತಿದ್ದೀರಾ ಇಬ್ಬರೂ. ಗಾಳಿಮಾಮ ಮುಂದಿನ ಟೈರಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಬೆರಳಾಡಿಸಿದ, ಬನ್ನಿ ಸಾಹೇಬ್ರೆ, ಇಲ್ಲಿ ನೋಡಿ, ಅಂಚೆಲ್ಲ ಹೊಸದು, ನಡುವೆ ನುಣ್ಣಗೆ, ಹೊಟ್ಟೆ ಉಬ್ಬಿ ಬರೀ ನಡುಭಾಗ ನೆಲಕ್ಕೆ ತಾಗಿದ್ರೆ ಹೀಗೇ ಆಗೋದು, ಇದನ್ನ ನಾನು ದಿನಾ ನೋಡ್ತೀನಿ. ಟೈರಿನಲ್ಲಾ, ಅಂದ ಚಿಕ್ಕಪ್ಪ. ಅಲ್ಲ, ನಿಮ್ಮ ತಲೇಲಿ. ಚಿಕ್ಕಪ್ಪನ ಕೈ ತಾನಾಗಿ ನೆತ್ತಿಗೆ ಹೋಯಿತು, ಅಲ್ಲೂ ಬದಿಯಲ್ಲಿ ಮಾತ್ರ ಕೂದಲು ಉಳಿದಿದೆ, ನಾನು ನಗಬಾರದು, ಹತ್ತಕ್ಕೆ ಕೇಕ್ ಇರಬೇಕು, ನಗಲು ಪುರುಸೊತ್ತಿಲ್ಲ, ನಕ್ಕೆ. ಬಾಳಿಕೆ ಬರುತ್ತೆ ಅಂತ ತುಂಬಿಸಿದ್ರಿ, ಅರ್ಧ ಆಯಸ್ಸಿಗೇ ಬೋಳಾಯ್ತು, ಟೈರು ಅಂಗೈ ಊರಿದ ಹಾಗೆ ಕೂರಬೇಕು ಸಾಹೇಬ್ರೆ, ಬೆರಳ ತುದೀಲಿ ನಿಂತ್ರೆ ಜಾರುತ್ತೆ, ಹೊಟ್ಟೆ ಮೇಲೆ ಮಲಗಿದ್ರೆ ಏಳಲ್ಲ. ಚಿಕ್ಕಪ್ಪ ಬಿಡುತ್ತಾನೆಯೇ, ಹಾಗಾದ್ರೆ ಹಿಂದಕ್ಕೆ ಮೂವತ್ತಾರು ಹಾಕು, ಹದಿನೆಂಟು ಕಿಲೋ ಭಾರ ಇಲ್ವಾ. ಮೂವತ್ತಾರು ಬೇಕಾಗೋದು ಮೂರು ಜನ ನಿಮ್ಮಂಥೋರು ಕೂತ್ರೆ, ಇವಳ ಕೇಕು ಒಂದನೇ ಕ್ಲಾಸಿನ ಮಗು ತೂಕ, ಮೂವತ್ತೇ ಸಾಕು. ಗಾಳಿ ಅಳೆಯುವ ಮೀಟರಿನ ಮುಳ್ಳು ನಲವತ್ತೆರಡರಿಂದ ಇಳಿಯಿತು, ಮೂವತ್ತೊಂಬತ್ತು, ಮೂವತ್ತೈದು, ಅಷ್ಟು ನಿಧಾನಕ್ಕೆ, ನಾಲ್ಕು ಸಲ, ನಾನು ಉಸಿರು ಹಿಡಿದುಕೊಂಡೇ ಇದ್ದೆ, ಮೂವತ್ತು. ನಡು ಸವೆದಿದೆ ಅನ್ನೋದು ಮರೀಬೇಡ ಅಂದ ಮಾಮ, ಬ್ರೇಕ್ ಮೊದಲೇ ಹಿಡಿ, ಗಾಳಿ ಸರಿ ಮಾಡಿದ್ರೂ ಹೋದ ರಬ್ಬರ್ ವಾಪಸ್ ಬರಲ್ಲ. ಚಿಕ್ಕಪ್ಪ ಒಂದು ಹೆಜ್ಜೆ ಮುಂದೆ ಬಂದ, ಒದೆಯಲು ಕಾಲೆತ್ತಿದ, ಇಬ್ಬರ ಮುಖ ನೋಡಿದ, ಇಳಿಸಿದ.

ಒಂಬತ್ತೂ ಹತ್ತು. ಹಿಂದಿನ ಸೀಟು ಮಡಚಿ ರಬ್ಬರ್ ಚಾಪೆ ಹಾಸಿ ಕೇಕನ್ನು ಕೂರಿಸಿದ್ದೇವೆ, ಡಬ್ಬಕ್ಕೆ ಮುಚ್ಚಳ ಹಾಕಿದರೆ ಮರ ಮುರಿಯುತ್ತದೆ ಅಂತ ಮೇಲೆ ತೆರೆದೇ ಇದೆ, ಕನ್ನಡಿಯಲ್ಲಿ ಮರದ ತುದಿಯ ಕಡ್ಡಿ ಮಾತ್ರ ಕಾಣುತ್ತದೆ, ಅದರ ಕೊನೆಗೊಂದು ಎಲೆ, ಸಕ್ಕರೆಯ ಎಲೆ, ನನ್ನ ಕಿರುಬೆರಳ ಉಗುರಿನಷ್ಟು, ನಡುಗುತ್ತಿದೆ. ಹೆಡ್‌ಮೇಡಂ ಕೆಲಸಕ್ಕೆ ಸೇರಿದ ವರ್ಷ ಶಾಲೆಯ ಅಂಗಳದಲ್ಲಿ ನೆಟ್ಟ ಮರವಂತೆ ಇದು, ಚಿಕ್ಕಮ್ಮ ಅದರ ಕೆಳಗೆ ಮಗ್ಗಿ ತಪ್ಪು ಹೇಳಿ ಪೆಟ್ಟು ತಿಂದವಳು, ಎಲೆ ಸರಿಯಾಗಿ ಬಂತಾ ಅಂತ ನಾಲ್ಕು ದಿನವೂ ನನ್ನ ಬೆನ್ನ ಹಿಂದೆ ಬಂದು ನಿಲ್ಲುತ್ತಿದ್ದಳು, ಬನ್ನು ಬಿಸ್ಕತ್ತು ಅವಳಿಗೂ ಸಾಕಾಗಿದೆ, ಅವಳು ಹೇಳುವುದಿಲ್ಲ. ಜಲ್ಲಿ ಬಂತು. ಬಂತು, ಆದರೆ ಹಲ್ಲಿನ ತನಕ ಬರಲಿಲ್ಲ, ಟೈರೇ ಅದನ್ನು ಬಾಯಿಗೆ ಹಾಕಿಕೊಂಡು ಅಗಿದು ನುಂಗಿತು, ಎಲೆ ನಡುಗಿತು, ಇದೆ. ಹಿಂದಿನಿಂದ ಒಬ್ಬ ಹಾರ್ನ್ ಹೊಡೆಯುತ್ತಾನೆ, ಹೊಡಿ ಮಾರಾಯ, ನಿನಗೇನು ಗೊತ್ತು, ನನ್ನ ಪಕ್ಕಕ್ಕೆ ಬಂದು ಅವನು ಹೊರಗೆ ತಲೆಹಾಕಿ, ಏನಮ್ಮಾ ನಡ್ಕೊಂಡು ಬಂದ್ರೆ ಬೇಗ ಮುಟ್ತಿದ್ದೆ, ಅನ್ನುತ್ತಾನೆ, ಹೌದಪ್ಪಾ, ನೀನು ಮುಂದೆ ಹೋಗಿ ನಾನು ಬರ್ತಿದ್ದೀನಿ ಅಂತ ಹೇಳು. ಸೇತುವೆಯ ಸಂದುಗಳು, ಟಪ್, ಟಪ್, ಟಪ್, ಎಲೆ, ಎಲೆ, ಎಲೆ ಇದೆ. ಈಗ ವೃತ್ತ. ಸ್ಟೀರಿಂಗ್ ತಿರುಗಿಸಿದೆ, ಕಾರು ಯೋಚಿಸಲಿಲ್ಲ, ನಾನು ಹೇಳಿದ ತಕ್ಷಣ ಹೂಂ ಅಂದಿತು, ಮೈ ಚೆಲ್ಲದೆ, ನೆಟ್ಟಗೆ, ಹಿಂದೆ ಕಂಬಳಿಯ ಸದ್ದಿಲ್ಲ, ಮುಂದೆ ಇದ್ದಕ್ಕಿದ್ದ ಹಾಗೆ ಒಬ್ಬ ಸೈಕಲ್ಲಿನ ಮುದುಕ, ಬ್ರೇಕ್ ಮೊದಲೇ ಹಿಡಿ, ಮೊದಲೇ ಹಿಡಿದಿದ್ದೆ, ನಿಂತಿತು, ಎಲೆ ಮುಂದಕ್ಕೆ ಬಾಗಿತು, ಬಾಗಿ, ಬಾಗಿ, ಹಿಂದಕ್ಕೆ ಬಂತು, ಮುದುಕ ನನಗೆ ಸಲಾಮು ಹೊಡೆದು ದಾಟಿದ, ಅಯ್ಯೋ ನಿಧಾನಕ್ಕೆ ಹೋಗಿ ತಾತ, ನಾನು ಇವತ್ತು ಯಾರನ್ನೂ ಅವಸರ ಮಾಡುವುದಿಲ್ಲ.

ಶಾಲೆಯಲ್ಲಿ ನಾಲ್ವರು ಟೀಚರುಗಳು, ನಾಲ್ಕು ಅಭಿಪ್ರಾಯ, ಇಲ್ಲಿಡಿ, ಅಲ್ಲಿ ಬಿಸಿಲು, ವೇದಿಕೆ ಮೇಲಿಡಿ, ಅಯ್ಯೋ ಹೂದಾನಿ ಎಲ್ಲಿಡೋಣ ಮತ್ತೆ, ಹದಿನೆಂಟು ಕಿಲೋ ಹಿಡಿದುಕೊಂಡು ನಾನೂ ಕಾವಲುಗಾರನೂ ಏಡಿಗಳ ಹಾಗೆ ಅಡ್ಡಡ್ಡ ನಡೆಯುತ್ತಿದ್ದೇವೆ, ದೊಡ್ಡ ಮೇಡಂ, ಒಂದು ಕಡೆ ಹೇಳಿ, ಕೈ ಬಿದ್ದು ಹೋಗ್ತಿದೆ, ಅಂದ ಅವನು ಕೊನೆಗೆ, ಹೆಡ್‌ಮೇಡಂ ತಾವೇ ಬಂದರು, ಎಷ್ಟು ಚಿಕ್ಕವರು, ಚಿಕ್ಕಮ್ಮನ ಮಾತು ಕೇಳಿ ನಾನು ಆಳೆತ್ತರದ ಹೆಂಗಸನ್ನು ಕಲ್ಪಿಸಿಕೊಂಡಿದ್ದೆ, ಒಂದೇ ಒಂದು ಬೆರಳು ತೋರಿಸಿದರು, ಕಿಟಕಿ ಪಕ್ಕ, ನಾಲ್ವರೂ ಸರಿದು ದಾರಿ ಬಿಟ್ಟರು. ಇಟ್ಟೆವು. ಕೆಳಗಿನ ಅಂತಸ್ತು ಸುತ್ತಲೂ ನೋಡಿದೆ, ಬಿರುಕಿಲ್ಲ, ನಡುವಿನದು, ಬಿರುಕಿಲ್ಲ, ಮೇಲಿನದು ತನ್ನ ಜಾಗದಲ್ಲೇ ಕೂತಿದೆ. ಹೆಡ್‌ಮೇಡಂ ಕನ್ನಡಕ ಏರಿಸಿ ಬಗ್ಗಿದರು, ಇದು ನಮ್ಮ ಮರ ಅಲ್ವೇನಮ್ಮ, ಅಂದರು, ಆಮೇಲೆ ಕಿಟಕಿಯಾಚೆ ನೋಡಿದರು, ಮತ್ತೆ ಇದನ್ನು ನೋಡಿದರು, ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸತೊಡಗಿದರು, ಒರೆಸುತ್ತಲೇ ಇದ್ದರು. ಇದನ್ನ ಕತ್ತರಿಸೋದು ಹೇಗೆ, ಯಾರೋ ಟೀಚರು, ಮೂರು ವಾರದಿಂದ ಕೇಕ್ ಒಡೆಯದಿರಲಿ ಅಂತ ಒಂದು ಮನೆಯೇ ಕಚ್ಚಾಡಿಕೊಂಡಿದೆ, ನೀವು ಚಾಕು ಹುಡುಕುತ್ತಿದ್ದೀರಿ, ಹುಡುಕಿ, ಹತ್ತಕ್ಕೆ ಇನ್ನೂ ಐದು ನಿಮಿಷವಿದೆ. ಫೋನ್ ತೆಗೆದೆ, ಒಂದೇ ರಿಂಗಿಗೆ ಚಿಕ್ಕಮ್ಮ, ಏನಾಯ್ತೇ, ಹಿಂದುಗಡೆ ಚಿಕ್ಕಪ್ಪ, ಏನಂತೆ, ಏನಂತೆ ಅವಳು, ಸುಮ್ಮನಿರ್ರೀ ಸ್ವಲ್ಪ, ಮಾತಾಡೇ ಹುಡುಗಿ, ಉಸಿರಾಟ ಕೇಳಿಸ್ತಿದೆ, ಮಾತಾಡು. ಎಲೆ ಇನ್ನೂ ನಡುಗುತ್ತಿದೆ ಚಿಕ್ಕಮ್ಮ, ಕೇಕ್ ಇಟ್ಟಾಯಿತು, ಕೈ ತೆಗೆದಾಯಿತು, ಮೇಜು ಅಲ್ಲಾಡುತ್ತಿಲ್ಲ, ಕಾರು ಹೊರಗಿದೆ, ಆದರೂ ಎಲೆ, ಒಂದು ಕ್ಷಣ ತಡಿ, ಎಲೆ ನಡುಗುತ್ತಿದೆ, ಕಡಿಮೆಯಾಗುತ್ತಿದೆ, ಎಲೆ, ಈಗ ಎಲೆ —

ನಿಂತಿತು.